ಪ್ರಸಾದ ನಿಲಯದ ಮಕ್ಕಳೂ ಮೂಕಪ್ರಾಣಿಗಳೂ

ಮುಂಗಾರು ಮಳೆಯೊಡನೆ ಶಾಲೆ-ಕಾಲೇಜುಗಳ ಬಾಗಿಲು ತೆರೆಯುತ್ತದೆ. ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾವಿ ಸುತ್ತಲಿನ ಹಳ್ಳಿಗಳ ಮಕ್ಕಳು ಟ್ರಂಕು, ಹಾಸಿಗೆ ಹೊತ್ತು ಬಂದು ಮಠಗಳ ಪ್ರಸಾದ ನಿಲಯಗಳನ್ನೂ ಸರಕಾರದ ವಿದ್ಯಾರ್ಥಿ ನಿಲಯಗಳನ್ನೂ ಸೇರುತ್ತಾರೆ. ಇವರಲ್ಲಿ ಬಹುಪಾಲು ಒಕ್ಕಲುತನದ ಮನೆಯ ಮಕ್ಕಳು. ಎತ್ತಿನ ಕೊರಳ ಗಂಟೆಯ ಸದ್ದಿಗೆ ಕಣ್ಣು ತೆರೆದವರು. ದೀಪಾವಳಿಯ ಹೋರಿ ಹಬ್ಬಕ್ಕೆ ಮನೆಯ ಹೋರಿಯನ್ನು ಸಿಂಗರಿಸಿ ನಲಿದವರು. ಆಕಳು, ಎಮ್ಮೆ, ಕಾವಲಿನ ನಾಯಿ, ಕಣಜದ ಬೆಕ್ಕು ಇವೆಲ್ಲ ಅವರ ಪಾಲಿಗೆ ಮನೆಮಂದಿಯ ಲೆಕ್ಕಕ್ಕೆ ಸೇರಿದವು. ಅಂಥ ಮಗುವೊಂದು ಹತ್ತು-ಹನ್ನೆರಡರ ವಯಸ್ಸಿನಲ್ಲಿ ಸಾಲು ಮಂಚಗಳ ಕೋಣೆಯೊಳಗೆ ಮೊದಲ ರಾತ್ರಿ ಮಲಗಿದಾಗ ತಾಯಿಯನ್ನು ನೆನೆಯುತ್ತದೆ; ತಾಯಿಯ ಬೆನ್ನಿಗೇ ಕೊಟ್ಟಿಗೆಯನ್ನೂ ನೆನೆಯುತ್ತದೆ.

ಆದ್ದರಿಂದ ಕೆಲವೇ ದಿನಗಳಲ್ಲಿ ಯಾವುದೋ ಮಂಚದ ಕೆಳಗೆ ನಾಯಿಮರಿಯೊಂದು ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕಿನ ಮರಿ, ಕಿಟಕಿಯ ಸರಳಿಗೆ ತೂಗಿದ ಪಂಜರದಲ್ಲಿ ಗಿಳಿ, ಬಕೆಟ್ಟಿನಲ್ಲಿ ಆಮೆಮರಿ, ಸಂತೆಯಲ್ಲಿ ಕೊಂಡ ಬಿಳಿ ಮೊಲ ಹೀಗೆ ಒಂದಿಲ್ಲೊಂದು ಜೀವ ನಿಲಯದ ಒಳಗೆ ಬರುತ್ತದೆ. ಪ್ರಸಾದದಲ್ಲಿ ಉಳಿಸಿದ ರೊಟ್ಟಿಯ ಚೂರೇ ಅದರ ಆಹಾರ. ನಿಲಯಪಾಲಕರ ಕಣ್ಣಿಗೆ ಬಿದ್ದ ದಿನ ಪ್ರಾಣಿ ಬೀದಿಗೆ, ಮಗು ಬೈಗುಳಕ್ಕೆ. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಮುಗಿಯುವುದಿಲ್ಲವೆಂದೂ, ಇಂಥ ಶಿಕ್ಷೆಯ ಭಯವೇ ಒಮ್ಮೊಮ್ಮೆ ಮಗುವಿನ ಜೀವಕ್ಕೆ ಎರವಾಗಬಲ್ಲುದೆಂದೂ ಹೇಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಪ್ರಾಣಿಯನ್ನು ಪ್ರೀತಿಸುವ ಮಗುವಿನ ಬಯಕೆ ಕೆಟ್ಟದ್ದಲ್ಲ. ಆಧುನಿಕ ಶುಶ್ರೂಷೆಗೆ ಅಡಿಗಲ್ಲು ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರ ತಮ್ಮ ಗ್ರಂಥದಲ್ಲಿ, ಬಹುಕಾಲ ಹಾಸಿಗೆ ಹಿಡಿದ ರೋಗಿಗಳಿಗೆ ಪುಟ್ಟ ಸಾಕುಪ್ರಾಣಿಯೊಂದು ಒಳ್ಳೆಯ ಸಂಗಾತಿಯಾಗುತ್ತದೆಂದು ಬರೆದರು. ನಮ್ಮ ಸಂವಿಧಾನದ 51ಎ ವಿಧಿಯು ಜೀವಿಗಳಲ್ಲಿ ಕರುಣೆ ತೋರುವುದನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಹೇಳಿದೆ. ದಯೆಯಿಲ್ಲದ ಧರ್ಮವನ್ನು ಶರಣರು ಧರ್ಮವೆಂದೇ ಒಪ್ಪಲಿಲ್ಲ. ಹೀಗಿರುವಾಗ, ಬಿಸಿಲಲ್ಲಿ ನರಳುವ ಮರಿಯನ್ನು ಎತ್ತಿಕೊಂಡು ಬಂದ ಮಗುವನ್ನು ಅಪರಾಧಿಯಂತೆ ನಿಲ್ಲಿಸುವುದು ಯಾವ ನ್ಯಾಯಕ್ಕೂ ಒಪ್ಪುವುದಿಲ್ಲ.

ಆದರೂ ನಿಲಯದ ಕೋಣೆ ಪ್ರಾಣಿಗೆ ತಕ್ಕ ಸ್ಥಳವಲ್ಲ. ಮನೆಯಲ್ಲಿ ನಾಯಿ ಅಂಗಳದಲ್ಲಿ ಇರುತ್ತದೆ, ಅದರ ಯೋಗಕ್ಷೇಮ ನೋಡಲು ಹಿರಿಯರಿರುತ್ತಾರೆ. ನಿಲಯದಲ್ಲಿ ಮಂಚಕ್ಕೆ ಮಂಚ ತಾಗಿರುತ್ತದೆ. ಒಬ್ಬನ ಟವೆಲನ್ನು ಇನ್ನೊಬ್ಬ ಬಳಸುತ್ತಾನೆ. ಬೆಕ್ಕಿನ ಮರಿಯ ಮೈಮೇಲಿನ ಶಿಲೀಂಧ್ರದಿಂದ ಒಬ್ಬನಿಗೆ ಬಂದ ಗಜಕರ್ಣವು ಹೊದಿಕೆ, ಟವೆಲುಗಳ ಮೂಲಕ ಇಡೀ ಕೋಣೆಗೆ ಹರಡಬಲ್ಲುದು. ನಾಯಿಮರಿಗಳ ಹೊಟ್ಟೆಯಲ್ಲಿ ಜಂತುಹುಳುಗಳಿರುವುದು ಸಾಮಾನ್ಯ. ಅವುಗಳ ಮಲ ಬಿದ್ದ ಮಣ್ಣಿನಲ್ಲಿ ಆಡಿ ಕೈ ತೊಳೆಯದೆ ಉಂಡ ಮಗುವಿನ ಹೊಟ್ಟೆಗೆ ಆ ಹುಳುಗಳ ಮೊಟ್ಟೆ ಸೇರುತ್ತದೆ. ಗಿಳಿಯ ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಸೋಂಕು ತಗಲುವ ಸಂಭವವುಂಟು. ಆಮೆ ನಿರುಪದ್ರವಿ ಎಂದು ಭಾವಿಸುವವರು ಒಂದು ಸಂಗತಿಯನ್ನು ತಿಳಿಯಬೇಕು. ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ಕರುಳಿನ ಸೋಂಕು ಹರಡುವುದನ್ನು ಕಂಡು ಅಮೆರಿಕ ದೇಶವು 1975ರಲ್ಲಿ, ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿಯಂತೂ ಕಾಡಿನ ಗಿಳಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪಂಜರದ ಗಿಳಿ ಸಾಕುಪ್ರಾಣಿಯಲ್ಲ, ಸೆರೆಯಾಳು.

ಪ್ರಾಣಿಯ ಕಡೆಯಿಂದಲೂ ವಿಚಾರಿಸಬೇಕು. ಮಕ್ಕಳು ಇಡೀ ದಿನ ತರಗತಿಯಲ್ಲಿ ಇರುತ್ತಾರೆ. ಪ್ರಾಣಿ ಮುಚ್ಚಿದ ಕೋಣೆಯಲ್ಲಿ ಇರುತ್ತದೆ. ದಸರೆಯ ರಜೆ ಬಂದಾಗ ನಿಲಯಕ್ಕೆ ಬೀಗ ಬೀಳುತ್ತದೆ, ಮಕ್ಕಳು ಊರಿನ ಬಸ್ಸು ಹತ್ತುತ್ತಾರೆ. ಅದುವರೆಗೆ ತುತ್ತಿಟ್ಟ ಕೈಯನ್ನೇ ನಂಬಿದ್ದ ಆ ಮರಿ ಗೇಟಿನ ಬಳಿ ಕಾಯುತ್ತ ಕುಳಿತಿರುತ್ತದೆ. ಹಸಿವು, ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಹೋಗುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಹಿಂಸೆಯೆಂದೇ ಪರಿಗಣಿಸಿದೆ. ರಜೆಯ ದಿನಗಳ ಹೊಣೆಯನ್ನು ಹೊರಲಾರದವರು ಸಾಕುವ ಕೆಲಸಕ್ಕೆ ಕೈಹಾಕಬಾರದು. ಇದನ್ನು ಮಕ್ಕಳಿಗೆ ತಿಳಿಯಹೇಳಿದರೆ ಅವರು ಖಂಡಿತ ಒಪ್ಪುತ್ತಾರೆ.

ಇನ್ನು ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರುತ್ತೇವೆ. ಅದು ರೇಬೀಸ್, ನಮ್ಮ ಜನ ಹುಚ್ಚುನಾಯಿ ರೋಗವೆಂದು ಕರೆಯುವ ಮಾರಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದೂ, ಅವರಲ್ಲಿ ನೂರಕ್ಕೆ ನಲವತ್ತರಷ್ಟು 15 ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಮ್ಮ ದೇಶದವು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ದೊರೆತರೆ ಇದನ್ನು ತಡೆಯಬಹುದು. ಲೂಯಿ ಪಾಶ್ಚರ್ ಮಹಾಶಯರು 1885ರಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿ ಲಸಿಕೆ ಕೊಟ್ಟು ಉಳಿಸಿದರು. ಅಂದಿನಿಂದ ಇಂದಿನವರೆಗೆ ಲಸಿಕೆ ಸುಧಾರಿಸುತ್ತಲೇ ಬಂದಿದೆ. ಇಂದು ಮಗು ಸಾಯುವುದು ಔಷಧವಿಲ್ಲದ್ದರಿಂದಲ್ಲ, ಅದು ಸಕಾಲಕ್ಕೆ ಮಗುವನ್ನು ಮುಟ್ಟದ್ದರಿಂದ.

ಸಕಾಲಕ್ಕೆ ಏಕೆ ಮುಟ್ಟುವುದಿಲ್ಲ? ಕೋಣೆಯಲ್ಲಿ ಬಚ್ಚಿಟ್ಟ ಮರಿ ಆಟದಲ್ಲಿ ಕೈಯನ್ನು ಪರಚುತ್ತದೆ. ಹೇಳಿದರೆ ಮರಿ ಬೀದಿಪಾಲು, ತನಗೆ ಶಿಕ್ಷೆ, ಮನೆಗೆ ದೂರು. ಆದ್ದರಿಂದ ಹುಡುಗ ತುಂಬು ತೋಳಿನ ಅಂಗಿ ತೊಟ್ಟು ಸುಮ್ಮನಾಗುತ್ತಾನೆ. ಮರಿಗೆಲ್ಲಿಯ ಹುಚ್ಚು ಎಂದು ಗೆಳೆಯರೂ ಧೈರ್ಯ ಹೇಳುತ್ತಾರೆ. ಆದರೆ ನಾಯಿಮರಿಗಳಿಗೂ ಬೆಕ್ಕುಗಳಿಗೂ ರೇಬೀಸ್ ಬರುತ್ತದೆ. ಗಾಯದಲ್ಲಿ ಸೇರಿದ ವೈರಾಣು ನರಗಳ ದಾರಿ ಹಿಡಿದು ಮಿದುಳಿನತ್ತ ನಿಧಾನವಾಗಿ ಸಾಗುತ್ತದೆ. ಸಾಮಾನ್ಯವಾಗಿ ಎರಡು-ಮೂರು ತಿಂಗಳು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಹುಡುಗ ಮರೆತಿರುತ್ತಾನೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಕೋಣೆಯಲ್ಲಿ ಪ್ರಾಣಿ ಬೇಡವೆಂಬ ನಿಯಮವಿರಲಿ, ಆದರೆ ಕಚ್ಚಿದ್ದನ್ನೂ ಪರಚಿದ್ದನ್ನೂ ಬಂದು ಹೇಳಿದ ಮಗುವಿಗೆ ಯಾವ ಶಿಕ್ಷೆಯೂ ಇಲ್ಲವೆಂಬ ನಿಯಮ ಅದಕ್ಕಿಂತ ಮೇಲಿರಲಿ. ಹೀಗೆ ಸಡಿಲಬಿಟ್ಟರೆ ಪ್ರತಿ ಕೋಣೆಯೂ ಕೊಟ್ಟಿಗೆಯಾದೀತೆಂದು ಕೆಲವು ನಿಲಯಪಾಲಕರು ಆಕ್ಷೇಪಿಸಬಹುದು. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ನೂರಾರು ಮಕ್ಕಳನ್ನು ಒಬ್ಬರೇ ಸಂಭಾಳಿಸುವುದು ಸುಲಭವಲ್ಲ. ಆದರೆ ನಿಯಮ ಮೀರಿ ಪ್ರಾಣಿ ತಂದುದಕ್ಕೆ ತಿಳಿವಳಿಕೆ ಹೇಳುವುದು ಬೇರೆ, ಗಾಯ ತೋರಿಸಿದ್ದಕ್ಕೆ ದಂಡಿಸುವುದು ಬೇರೆ. ಮೊದಲನೆಯದಕ್ಕೆ ನಾಳೆಯೂ ಸಮಯವಿದೆ. ಎರಡನೆಯದರಿಂದ ಇನ್ನು ಹತ್ತು ಮಕ್ಕಳು ತಮ್ಮ ಗಾಯವನ್ನು ಮುಚ್ಚಿಡಲು ಕಲಿಯುತ್ತಾರೆ.

ಮಗು ಗಾಯ ತೋರಿಸಿದಾಗ ಮಾಡಬೇಕಾದುದನ್ನು ಪ್ರತಿ ನಿಲಯದ ಗೋಡೆಯ ಮೇಲೆ ಬರೆಸಬೇಕೆಂದು ಕೋರುತ್ತೇವೆ. ಮೊದಲು, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯವನ್ನು ತೊಳೆಯಬೇಕು. ಸಾಬೂನು ಈ ವೈರಾಣುವನ್ನು ನಾಶಪಡಿಸುತ್ತದೆ. ಅರಿಸಿನ, ಸುಣ್ಣ, ಖಾರದ ಪುಡಿ, ಎಣ್ಣೆ ಯಾವುದನ್ನೂ ಹಚ್ಚಬಾರದು, ಬಿಗಿಯಾಗಿ ಕಟ್ಟಬಾರದು. ಆ ದಿನವೇ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಲಸಿಕೆ ಉಚಿತ. ತೋಳಿನ ಚರ್ಮದಲ್ಲಿ ಕೊಡುವ ಲಸಿಕೆಯನ್ನು ಮೊದಲ ದಿನ, ಅಲ್ಲಿಂದ 3, 7 ಹಾಗೂ 28ನೆಯ ದಿನ ಹೀಗೆ ನಾಲ್ಕು ಬಾರಿ ಹಾಕಿಸಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್ ಎಂಬ ಚುಚ್ಚುಮದ್ದೂ ಬೇಕು. ಅದರ ಬಗ್ಗೆ ವೈದ್ಯರನ್ನು ಮರೆಯದೆ ಕೇಳಬೇಕು. ಇಲಿ, ಮೊಲಗಳಿಂದ ಈ ರೋಗ ಬರುವುದು ಬಹಳ ಅಪರೂಪ, ಪಕ್ಷಿಗಳಿಂದ ಬರುವುದೇ ಇಲ್ಲ. ಆದರೂ ನಿರ್ಧಾರವನ್ನು ವೈದ್ಯರಿಗೆ ಬಿಡಬೇಕು. ಮಕ್ಕಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಕೊನೆಯ ಚುಚ್ಚುಮದ್ದು. ನಡುವೆ ರಜೆ ಬಂದರೆ ಚೀಟಿಯನ್ನು ಪಾಲಕರ ಕೈಗೆ ಕೊಟ್ಟು ದಿನಾಂಕವನ್ನು ಬಾಯಿಮಾತಿನಲ್ಲಿಯೂ ತಿಳಿಸುವುದು ನಿಲಯದ ಹೊಣೆ.

ಬೀದಿನಾಯಿಗಳ ವಿಷಯದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ 2025ರ ನವೆಂಬರ್‌ನಲ್ಲಿ ಆದೇಶ ನೀಡಿದೆ. ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಬೇಲಿ ಅಥವಾ ಗೋಡೆ ಇರಬೇಕು, ಒಳಗಿರುವ ನಾಯಿಗಳನ್ನು ಸ್ಥಳೀಯ ಸಂಸ್ಥೆಯವರು ಹಿಡಿದು ಸಂತಾನಹರಣ ಚಿಕಿತ್ಸೆ, ಲಸಿಕೆ ಮಾಡಿಸಿ ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕು ಎಂಬುದು ಅದರ ಸಾರ. ಆದುದರಿಂದ ಮಗು ತಂದ ಮರಿಯನ್ನು ಗೇಟಿನಾಚೆ ಎಸೆಯುವುದು ಪರಿಹಾರವಲ್ಲ. ಅದು ಮರುದಿನ ಮರಳಿ ಬರುತ್ತದೆ. ಪಟ್ಟಣ ಪಂಚಾಯತಿಗೂ ಪಶುವೈದ್ಯರಿಗೂ ತಿಳಿಸಿ ಅದಕ್ಕೊಂದು ನೆಲೆ ಕಾಣಿಸಬೇಕು. ಸಾಕಲು ಸಿದ್ಧವಿರುವ ಭಕ್ತರ ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಬೇಕು. ಅಡುಗೆಮನೆಯ ಇಲಿಗಳಿಗಾಗಿ ಮಠದಲ್ಲಿ ಬೆಕ್ಕು ಇದ್ದರೆ ಅದಕ್ಕೂ ಈ ಲಸಿಕೆ ತಪ್ಪಬಾರದು.

ಹಾಗಾದರೆ ಮಕ್ಕಳ ಬಯಕೆಗೆ ದಾರಿ ಯಾವುದು? ಅದು ನಮ್ಮ ಪರಂಪರೆಯಲ್ಲೇ ಇದೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವು ವಟುಗಳ ವಿದ್ಯಾಭ್ಯಾಸಕ್ಕೆ ಹೇಗೋ ಹಾಗೆ ಗೋಶಾಲೆಗೂ ವಿಭೂತಿಗೂ ಹೆಸರಾದುದು. ಓದುವ ಮಕ್ಕಳೂ ಸಾಕುವ ದನಗಳೂ ಒಂದೇ ಆವರಣದಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಗೋಶಾಲೆಯ ದನ ಯಾರೊಬ್ಬರ ಗುಟ್ಟಲ್ಲ, ಎಲ್ಲರದು. ರಜೆಯಲ್ಲಿಯೂ ಮೇವು ಹಾಕುವವರಿದ್ದಾರೆ, ಕಾಯಿಲೆಗೆ ಪಶುವೈದ್ಯರಿದ್ದಾರೆ. ದನಗಳಿರುವ ಮಠಗಳಲ್ಲಿ ಮಕ್ಕಳಿಗೆ ಸರದಿಯ ಮೇಲೆ ನೀರು ಕುಡಿಸುವ, ಮೇವು ಹಾಕುವ ಸೇವೆಯನ್ನು ವಹಿಸಲಿ. ಮುಗಿದ ಮೇಲೆ ಕೈಕಾಲು ತೊಳೆಯುವುದನ್ನೂ ಕಲಿಸಲಿ. ದನಗಳಿಲ್ಲದ ನಿಲಯಗಳು ಬಳಕೆಯ ನೀರಿನ ತೊಟ್ಟಿಯಲ್ಲಿ ಗಪ್ಪಿ ಮೀನುಗಳನ್ನು ಬಿಡಬಹುದು. ಸೊಳ್ಳೆಯ ಮರಿಗಳನ್ನು ತಿನ್ನುವ ಈ ಮೀನುಗಳನ್ನು ಆರೋಗ್ಯ ಇಲಾಖೆಯೇ ಕೆರೆ, ಬಾವಿಗಳಲ್ಲಿ ಬಿಡಿಸುತ್ತ ಬಂದಿದೆ. ಮಗುವಿಗೆ ನೋಡಿಕೊಳ್ಳಲು ಒಂದು ಜೀವವೂ ಸಿಕ್ಕಿತು, ಡೆಂಗಿ-ಮಲೇರಿಯಾಗಳ ಸೊಳ್ಳೆಯೂ ಕಡಿಮೆಯಾಯಿತು. ಕುಮುದ್ವತಿಯ ಹರಿವು ಸೊರಗುವ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಪಕ್ಷಿಗಳಿಗಾಗಿ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು ದಿನವೂ ಬದಲಿಸುವ ಕೆಲಸವನ್ನಂತೂ ಯಾವ ನಿಲಯದ ಮಗುವಾದರೂ ಮಾಡಬಹುದು.

ಅನ್ನ, ಅಕ್ಷರ, ಆಶ್ರಯ ಈ ಮೂರೂ ನಮ್ಮ ಮಠಗಳ ದಾಸೋಹವೆಂದು ನಾಡು ಗೌರವಿಸುತ್ತದೆ. ಆಶ್ರಯವೆಂದರೆ ಸೂರಷ್ಟೇ ಅಲ್ಲ. ಮಗು ತನಗಾದ ನೋವನ್ನು ಹೆದರದೆ ಹೇಳಿಕೊಳ್ಳಬಹುದಾದ ಹಿರಿಯರೊಬ್ಬರು ಇರುವುದೂ ಆಶ್ರಯವೇ. ಮಕ್ಕಳನ್ನು ನಿಲಯಗಳಿಗೆ ಸೇರಿಸಿರುವ ಭಕ್ತರು ಮುಂದಿನ ಭೇಟಿಯಲ್ಲಿ ನಿಲಯಪಾಲಕರನ್ನು ಅಂಕಗಳ ಜೊತೆಗೆ ಇದನ್ನೂ ವಿಚಾರಿಸಲಿ: ಪ್ರಾಣಿ ಕಚ್ಚಿದರೆ ಯಾರಿಗೆ ಹೇಳಬೇಕೆಂದು ಮಕ್ಕಳಿಗೆ ತಿಳಿಸಿದ್ದೀರಾ? ರಾತ್ರಿಯ ಹೊತ್ತಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಹಾಗೆಯೇ ತಮ್ಮ ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು, ಏನೇ ಪರಚಿದರೂ ಕಚ್ಚಿದರೂ ನಮಗೆ ಹೇಳಪ್ಪ, ಹೇಳವ್ವ, ಬೈಯುವುದಿಲ್ಲ ಎಂದು ಭರವಸೆ ಕೊಡಲಿ. ಕೊಟ್ಟ ಮಾತಿನಂತೆ ನಡೆದುಕೊಳ್ಳಲಿ.