ಆಟಗಾರ ಮಕ್ಕಳ ಖುರಾಕು ಯಾರ ಹೊಣೆ?

ಪಿಯುಸಿ ಫಲಿತಾಂಶ ಹೊರಬಿದ್ದು ಪದವಿ ಕಾಲೇಜುಗಳ ಪ್ರವೇಶ ಆರಂಭವಾಗುವ ವೇಳೆಗೆ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಕೆಲವು ಮನೆಗಳಲ್ಲಿ ಅಂಕಪಟ್ಟಿಯ ಜೊತೆಗೆ ಇನ್ನೊಂದು ಕಟ್ಟು ಪೆಟ್ಟಿಗೆಯಿಂದ ಹೊರಬರುತ್ತದೆ. ಅದರಲ್ಲಿ ಕಬಡ್ಡಿ, ಖೊಖೊ, ಕುಸ್ತಿ, ಓಟದ ಸ್ಪರ್ಧೆಗಳ ಪ್ರಶಸ್ತಿಪತ್ರಗಳಿರುತ್ತವೆ. ಅದೇ ವೇಳೆಗೆ ದೂರದ ಊರಿನ ಯಾವುದೋ ಕಾಲೇಜಿನಿಂದ ಕರೆಯೂ ಬರುವುದುಂಟು. ಶುಲ್ಕವಿಲ್ಲ, ವಸತಿ ಉಚಿತ, ಊಟದ ಹೊಣೆ ನಮ್ಮದು, ಮಗನನ್ನು ಕಳುಹಿಸಿಕೊಡಿ ಎಂಬ ಮಾತು ಕೇಳಿದ ತಂದೆತಾಯಿಗಳಿಗೆ ಆಗುವ ಸಂತೋಷ ಸಹಜವಾದುದೇ. ಮಳೆಯನ್ನೇ ನೆಚ್ಚಿದ ಒಕ್ಕಲುತನದ ಮನೆಗೆ, ಮಗ್ಗದ ಕೂಲಿಯಲ್ಲಿ ದಿನ ದೂಡುವ ಮನೆಗೆ ಮೂರು ವರ್ಷಗಳ ಓದು ಪುಕ್ಕಟೆಯಾಗಿ ದೊರೆಯುವುದು ಸಣ್ಣ ಸಂಗತಿಯಲ್ಲ.

ಆದರೆ ಆ ಮಾತು ಬಹುಮಟ್ಟಿಗೆ ಬಾಯಿಮಾತಾಗಿಯೇ ಉಳಿಯುತ್ತದೆ. ವಿದ್ಯಾರ್ಥಿಯ ಆಟಕ್ಕೆ ಪ್ರತಿಯಾಗಿ ಅವನಿಗೆ ಸಲ್ಲಬೇಕಾದುದು ಏನು, ಅದು ಸಲ್ಲದಿದ್ದರೆ ಯಾರನ್ನು ಕೇಳಬೇಕು ಎಂಬ ಎರಡು ಪ್ರಶ್ನೆಗಳನ್ನು ನಾವು ಈ ವಾರ ಓದುಗರ ಮುಂದಿಡಬಯಸುತ್ತೇವೆ.

ಆಟಕ್ಕೆ ಹಣ ಪಡೆಯುವುದು ನಮ್ಮ ಸೀಮೆಗೆ ಹೊಸದಲ್ಲ, ನಾಚಿಕೆಯ ವಿಷಯವೂ ಅಲ್ಲ. ಊರ ಜಾತ್ರೆಯ ಕುಸ್ತಿಯಲ್ಲಿ ಯಾವ ಜೋಡಿಗೆ ಎಷ್ಟು ಇನಾಮು ಎಂಬುದು ಮೊದಲೇ ನಿಶ್ಚಯವಾಗಿ, ಕರಪತ್ರದಲ್ಲಿ ಅಚ್ಚಾಗಿ, ಕಣದಲ್ಲಿ ಎಲ್ಲರಿಗೂ ಕೇಳುವಂತೆ ಸಾರಲ್ಪಡುತ್ತದೆ. ಗೆದ್ದ ಪೈಲ್ವಾನನು ಬೆಳ್ಳಿಯ ಕಡಗವನ್ನೋ ನಗದನ್ನೋ ಸಾವಿರಾರು ಜನರ ಕಣ್ಣೆದುರಿಗೇ ಸ್ವೀಕರಿಸುತ್ತಾನೆ. ಗರಡಿಮನೆಯ ಹುಡುಗನ ಹಾಲು, ಬಾದಾಮಿ, ತುಪ್ಪದ ಖುರಾಕಿಗೆ ಊರ ಹಿರಿಯರು ಕೈಯೆತ್ತಿ ಕೊಟ್ಟುದನ್ನು ಯಾರೂ ಲಂಚವೆಂದು ಕರೆದಿಲ್ಲ. ಮೈಮುರಿದು ದುಡಿಯುವ ದೇಹಕ್ಕೆ ಅನ್ನ ಬೇಕೆಂಬುದು ಇಲ್ಲಿನ ಎಲ್ಲರೂ ಬಲ್ಲ ಸತ್ಯ. ಅಕ್ಷರ ಬಾರದ ಮುದುಕನಿಗೂ ಅರ್ಥವಾಗುವ ಕಣದ ಈ ನಿಯಮ ಕಾಲೇಜಿನ ಹೊಸ್ತಿಲು ದಾಟಿದೊಡನೆ ಏಕೆ ಮಸುಕಾಗಬೇಕು?

ಆಟಗಾರ ವಿದ್ಯಾರ್ಥಿಯಿಂದ ಕಾಲೇಜಿಗೆ ಲಾಭವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಪದಕ ಬಂದರೆ ಪತ್ರಿಕೆಯಲ್ಲಿ ಕಾಲೇಜಿನ ಹೆಸರು ಬರುತ್ತದೆ, ಮರುವರ್ಷದ ಪ್ರವೇಶಕ್ಕೆ ಅದೇ ಜಾಹೀರಾತಾಗುತ್ತದೆ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ಮಾನದಂಡಗಳಲ್ಲಿಯೂ ವಿದ್ಯಾರ್ಥಿಗಳು ಗೆದ್ದ ಕ್ರೀಡಾ ಪ್ರಶಸ್ತಿಗಳ ಲೆಕ್ಕವಿದೆ. ವಿಶ್ವವಿದ್ಯಾಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯ ಆಸೆಯಿರುತ್ತದೆ. ಇಷ್ಟೆಲ್ಲ ಕೀರ್ತಿ ತಂದುಕೊಟ್ಟ ಹುಡುಗನಿಗೆ ಒಂದು ಬಣ್ಣದ ಕೋಟು, ಒಂದು ಶಾಲು, ವಾರ್ಷಿಕೋತ್ಸವದಲ್ಲಿ ಒಂದು ಚಪ್ಪಾಳೆ ದೊರೆತು, ಸ್ಪರ್ಧೆಗೆ ಹೋಗಿಬಂದ ದಿನಭತ್ಯೆ ತಿಂಗಳುಗಟ್ಟಲೆ ಬಾರದಿದ್ದರೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆಯೇ ಸರಿ.

ಆಟಗಾರರನ್ನು ದತ್ತು ಪಡೆದು ಓದಿಸುವ ಸಂಸ್ಥೆಗಳು ನಮ್ಮ ರಾಜ್ಯದಲ್ಲಿವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ನಾಡಿನ ನಾನಾ ಮೂಲೆಗಳ ಬಡ ಓಟಗಾರರಿಗೆ ವಸತಿ, ಊಟ, ತರಬೇತಿ ನೀಡಿ ಮಂಗಳೂರು ವಿಶ್ವವಿದ್ಯಾಲಯದ ತಂಡಕ್ಕೆ ಬಲ ತುಂಬಿತು. 2022ರ ಏಪ್ರಿಲ್ 24ರಿಂದ ಬೆಂಗಳೂರಿನಲ್ಲಿ ನಡೆದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದ ಪದಕಗಳೊಂದಿಗೆ ಮೊದಲ ಸ್ಥಾನ ಪಡೆಯಿತು, ಪಂಜಾಬಿನ ಲವ್ಲಿ ಪ್ರೊಫೆಷನಲ್ ವಿಶ್ವವಿದ್ಯಾಲಯ ಎರಡನೆಯದಾಯಿತು. ಎರಡೂ ಖಾಸಗಿಯವು. ಪ್ರತಿಭೆಯನ್ನು ಹುಡುಕಿ ಪೋಷಿಸುವುದು ತಪ್ಪಲ್ಲ, ಪೋಷಣೆ ಇಲ್ಲದೆ ಕಮರಿಹೋಗುತ್ತಿದ್ದ ಎಷ್ಟೋ ಮಕ್ಕಳು ಇದರಿಂದ ದಡ ಸೇರಿದ್ದಾರೆ. ಆದರೆ ಹಣವುಳ್ಳ ಸಂಸ್ಥೆಗಳ ನಡುವೆ ಆಟಗಾರರಿಗಾಗಿ ಪೈಪೋಟಿ ಏರ್ಪಟ್ಟ ಮೇಲೆ ಅದಕ್ಕೊಂದು ಲಿಖಿತ ಕಟ್ಟಳೆ ಇರಲೇಬೇಕು. ಇಲ್ಲವಾದರೆ ನಮ್ಮ ತಾಲೂಕುಗಳ ಕಾಲೇಜುಗಳು ತಮ್ಮ ಮಕ್ಕಳನ್ನು ಕಳೆದುಕೊಳ್ಳುತ್ತವೆ, ಮಕ್ಕಳು ತಮ್ಮ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ರೋಣ ತಾಲೂಕಿನ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಎರಡನೆಯ ವರ್ಷದಲ್ಲಿ ಕಬಡ್ಡಿ ಆಡುವಾಗ ಅವನ ಮೊಣಕಾಲಿಗೆ ಪೆಟ್ಟಾಗುತ್ತದೆ. ಶಸ್ತ್ರಚಿಕಿತ್ಸೆಯ ಖರ್ಚು ಯಾರದು? ಆಡಲಾರದ ಹುಡುಗನಿಗೆ ವಸತಿ ಮುಂದುವರಿಯುತ್ತದೆಯೇ? ಶುಲ್ಕ ಕಟ್ಟು ಎಂದರೆ ಅವನು ಏನು ಮಾಡಬೇಕು? ಬಾಯಿಮಾತಿನ ಒಪ್ಪಂದದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ಕಾಲು ಗಟ್ಟಿಯಿರುವವರೆಗೆ ಮಾತ್ರ ಉಳಿಯುವ ಔದಾರ್ಯವನ್ನು ದಾನವೆನ್ನಲಾಗದು.

ಈ ಬಗೆಯ ತಗಾದೆ ನಮ್ಮಲ್ಲಿ ಇನ್ನೂ ಪಿಸುಮಾತಿನಲ್ಲಿದೆ. ಅಮೆರಿಕದಲ್ಲಿ ಅದು ನ್ಯಾಯಾಲಯಗಳ ಮೆಟ್ಟಿಲೇರಿ ದಶಕಗಳೇ ಸಂದಿವೆ. ಅಲ್ಲಿನ ಅನುಭವ ನಮಗೊಂದು ಎಚ್ಚರಿಕೆಯಾದೀತೆಂದು ಸಂಕ್ಷೇಪವಾಗಿ ಹೇಳುತ್ತೇವೆ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಜಿಮ್ ಥೋರ್ಪ್ ಅಮೆರಿಕದ ಮೂಲನಿವಾಸಿ ಸಮುದಾಯದವನು, ಕಥೋಲಿಕನು. ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಬೇಸಗೆಯ ದಿನಗಳಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಒಂದೇ ಕಾರಣಕ್ಕೆ 1913ರಲ್ಲಿ ಅವನ ಪದಕಗಳನ್ನು ಕಿತ್ತುಕೊಳ್ಳಲಾಯಿತು. 1953ರಲ್ಲಿ ಅವನು ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1983ರಲ್ಲಿ, ಅವುಗಳ ಪ್ರತಿಕೃತಿಗಳು ಮಕ್ಕಳ ಕೈಸೇರಿದವು. ಅವನೊಬ್ಬನೇ ವಿಜೇತನೆಂಬ ಮನ್ನಣೆ ದೊರೆಯಲು 2022ರವರೆಗೆ ಕಾಯಬೇಕಾಯಿತು.

1955ರಲ್ಲಿ ಕೊಲರಾಡೊ ರಾಜ್ಯದ ಒಂದು ಕಾಲೇಜಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ತರುಣನೊಬ್ಬ ತಲೆಗೆ ಪೆಟ್ಟಾಗಿ ಅಸುನೀಗಿದನು. ಅವನ ವಿಧವೆ ಕಾರ್ಮಿಕ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲವೆಂದು ಹೇಳಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಅದನ್ನು ನಿರಾಕರಿಸಿತು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದ ವಾಲ್ಟರ್ ಬೈಯರ್ಸ್, ಇಂಥ ಪರಿಹಾರದ ಬೇಡಿಕೆಗಳನ್ನು ತಡೆಯಲೆಂದೇ ‘ವಿದ್ಯಾರ್ಥಿ ಆಟಗಾರ’ ಎಂಬ ಪದವನ್ನು ರೂಢಿಗೆ ತಂದುದಾಗಿ ನಿವೃತ್ತಿಯ ನಂತರ ಒಪ್ಪಿಕೊಂಡರು. ಒಂದು ಒಳ್ಳೆಯ ಪದ ಒಬ್ಬ ವಿಧವೆಗೆ ಬಾಗಿಲು ಮುಚ್ಚಲು ಬಳಕೆಯಾಯಿತು.

ಆ ಸಂಸ್ಥೆ ಕಾಲೇಜುಗಳೇ ಸೇರಿ ಕಟ್ಟಿಕೊಂಡ ಕೂಟ. ಟಿವಿ ಪ್ರಸಾರದಿಂದ ಅಪಾರ ಹಣ ಹರಿದುಬಂದಾಗಲೂ ಅದು ಆಟಗಾರರಿಗೆ ಮಿತಿ ಹಾಕುತ್ತಲೇ ಬಂದಿತು. 2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು, ಶಿಕ್ಷಣಕ್ಕೆ ಸಂಬಂಧಿಸಿದ ನೆರವಿಗೂ ಹೀಗೆ ಮಿತಿ ಹಾಕುವುದು ಕಾನೂನುಬಾಹಿರವೆಂದು ಒಮ್ಮತದಿಂದ ತೀರ್ಪಿತ್ತಿತು. 2025ರ ಜೂನ್ 6ರಂದು ಇನ್ನೊಂದು ನ್ಯಾಯಾಲಯ ಅಂಗೀಕರಿಸಿದ ರಾಜಿಯಂತೆ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು, ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವಾಯಿತು. ಒಂದೊಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇದರ ಮೇಲ್ವಿಚಾರಣೆಗೆ ದೊಡ್ಡ ಲೀಗುಗಳೇ ಮತ್ತೊಂದು ಆಯೋಗವನ್ನು ರಚಿಸಿಕೊಂಡಿವೆ. ಸಂಸತ್ತು ಕಾನೂನು ಮಾಡಲಿ ಎಂದು ಕೆಲವರು, ರಾಜ್ಯಗಳಿಗೇ ಬಿಡಿ ಎಂದು ಕೆಲವರು, ಆಟಗಾರರಿಗೆ ಸಂಘ ಕಟ್ಟುವ ಹಕ್ಕು ಬೇಕೆಂದು ಮತ್ತೆ ಕೆಲವರು ವಾದಿಸುತ್ತಾರೆ.

ನಾಟರ್ ಡೇಮ್ ಎಂಬ ಹೆಸರಾಂತ ಕಥೋಲಿಕ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಂದನೀಯ ಗುರು ಜಾನ್ ಜೆಂಕಿನ್ಸ್ ಅವರು 2023ರಲ್ಲಿ, ವಿದ್ಯಾರ್ಥಿಗಳನ್ನು ನೌಕರರನ್ನಾಗಿ ಮಾಡಬಾರದು, ಅವರ ಓದೇ ಮುಖ್ಯವಾಗಬೇಕು ಎಂದು ವಾದಿಸಿದರು. ಆ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಹದಿನೆಂಟರ ಹುಡುಗನನ್ನು ಹರಾಜಿಗಿಡುವುದು ನಮಗೂ ಒಪ್ಪಿಗೆಯಿಲ್ಲ. ಆದರೆ ನೌಕರನಲ್ಲ ಎಂಬ ಮಾತು ಏನೂ ಕೊಡಬೇಕಾಗಿಲ್ಲ ಎಂಬುದಕ್ಕೆ ನೆಪವಾಗಬಾರದು. ಕೂಲಿಯವನ ಕೂಲಿಯನ್ನು ಹಿಡಿದಿಟ್ಟರೆ ಅದರ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಬಡತನಕ್ಕೆ ಕಟ್ಟುಬಿದ್ದು ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಸಿಕ್ಕಷ್ಟೇ ಪುಣ್ಯವೆಂದು ತಲೆಬಾಗುವ ನಮ್ಮ ಹಳ್ಳಿಯ ಹುಡುಗನಿಗೂ ಈ ಬೋಧನೆ ಅನ್ವಯಿಸುತ್ತದೆ. ನಮ್ಮ ಧರ್ಮಸಭೆಯವರು ನಡೆಸುವ ವಿದ್ಯಾಸಂಸ್ಥೆಗಳೂ ಇದಕ್ಕೆ ಹೊರತಲ್ಲ.

ಹಾಗಾದರೆ ನಮ್ಮಲ್ಲಿ ಇದನ್ನು ನಿಯಂತ್ರಿಸಬೇಕಾದವರು ಯಾರು? ಸಂವಿಧಾನದ ಏಳನೆಯ ಅನುಸೂಚಿಯಂತೆ ಕ್ರೀಡೆ ರಾಜ್ಯಪಟ್ಟಿಯ 33ನೆಯ ವಿಷಯ. ಶಿಕ್ಷಣವನ್ನು 1976ರ 42ನೆಯ ತಿದ್ದುಪಡಿ ಸಮವರ್ತಿ ಪಟ್ಟಿಗೆ ಸೇರಿಸಿತು. ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಆ ಸಂಘ ವಿಶ್ವವಿದ್ಯಾಲಯಗಳದೇ ಕೂಟ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಒಂದು ಮಂಡಳಿಯನ್ನೂ ನ್ಯಾಯಮಂಡಳಿಯನ್ನೂ ರಚಿಸಲು ಅವಕಾಶ ಕಲ್ಪಿಸಿತು, ಆದರೆ ಅದರ ದೃಷ್ಟಿಯೆಲ್ಲ ರಾಷ್ಟ್ರಮಟ್ಟದ ಕ್ರೀಡಾ ಸಂಸ್ಥೆಗಳ ಮೇಲೆ. ಖೇಲೊ ಇಂಡಿಯಾ ಯೋಜನೆಗೆ ಆಯ್ಕೆಯಾದ ಆಟಗಾರನಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವಿನಲ್ಲಿ 1.20 ಲಕ್ಷ ರೂಪಾಯಿ ಕೈಖರ್ಚಿನ ಭತ್ಯೆಯೆಂದು ಗೊತ್ತುಪಡಿಸಿದ್ದು ಮೆಚ್ಚತಕ್ಕದ್ದು. ಎಷ್ಟು ಹಣ, ಯಾವುದಕ್ಕೆ ಎಂಬುದು ಅಲ್ಲಿ ಬರವಣಿಗೆಯಲ್ಲಿದೆ. ಆದರೆ ಆ ಪಟ್ಟಿಗೆ ಏರುವವರು ಬೆರಳೆಣಿಕೆಯಷ್ಟು. ಗಜೇಂದ್ರಗಡದ ಕಾಲೇಜಿನಿಂದ ಧಾರವಾಡದ ಪಂದ್ಯಕ್ಕೆ ಹೋಗುವ ಹುಡುಗಿ ಈ ಎಲ್ಲ ಕಾನೂನುಗಳ ನಡುವಿನ ಸಂದಿಯಲ್ಲಿ ನಿಂತಿದ್ದಾಳೆ.

ನಮ್ಮ ಅಭಿಪ್ರಾಯ ಹೀಗಿದೆ. ಹಣ ಕೊಡುವವರೂ ಕೀರ್ತಿ ಪಡೆಯುವವರೂ ತೀರ್ಪುಗಾರರಾಗಬಾರದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಈ ಮೂರೂ ತಾಲೂಕುಗಳ ಪದವಿ ಕಾಲೇಜುಗಳಿಗೆ ಮೇಲಾಧಿಕಾರವುಳ್ಳ ಕರ್ನಾಟಕ ವಿಶ್ವವಿದ್ಯಾಲಯವು ಆಟಗಾರ ವಿದ್ಯಾರ್ಥಿಗಳ ಒಪ್ಪಂದಕ್ಕೆ ಕನ್ನಡದಲ್ಲಿ ಒಂದು ನಮೂನೆಯನ್ನು ಸಿದ್ಧಪಡಿಸಲಿ. ಅದರ ಒಂದು ಪ್ರತಿ ಪೋಷಕರಿಗೆ, ಒಂದು ಕಾಲೇಜಿಗೆ, ಒಂದು ವಿಶ್ವವಿದ್ಯಾಲಯಕ್ಕೆ ಇರಲಿ. ಭತ್ಯೆಯು ವಿದ್ಯಾರ್ಥಿಯ ಬ್ಯಾಂಕು ಖಾತೆಗೇ ಜಮೆಯಾಗಲಿ. ಗಾಯಗೊಂಡರೆ ಚಿಕಿತ್ಸೆಯ ಹೊಣೆ, ಪದವಿ ಮುಗಿಯುವವರೆಗೆ ವಸತಿಯ ಭರವಸೆ ಅದರಲ್ಲಿ ಸೇರಿರಲಿ. ಹೆಣ್ಣುಮಕ್ಕಳ ತಂಡದೊಂದಿಗೆ ಮಹಿಳಾ ಮೇಲ್ವಿಚಾರಕಿಯೊಬ್ಬರು ಕಡ್ಡಾಯವಾಗಿ ಹೋಗಲಿ. ದೂರುಗಳನ್ನು ಕೇಳಲು ರಾಜ್ಯ ಸರಕಾರ ಜಿಲ್ಲೆಗೊಂದು ಸಮಿತಿಯನ್ನು ನೇಮಿಸಲಿ. ಅದರಲ್ಲಿ ನಿವೃತ್ತ ನ್ಯಾಯಾಧೀಶರೂ ಹಿಂದೆ ಆಡಿ ಅನುಭವವುಳ್ಳವರೂ ಇರಲಿ, ಕಾಲೇಜಿನ ಆಡಳಿತದವರು ಇರದಿರಲಿ.

ಸಣ್ಣ ಕಾಲೇಜುಗಳಿಗೆ ಹಣವೆಲ್ಲಿ ಎಂಬ ಆಕ್ಷೇಪ ನಿಜವಾದುದೇ. ಆದರೆ ಪ್ರವೇಶದ ವೇಳೆ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಕ್ರೀಡಾಶುಲ್ಕ ವಸೂಲಾಗುತ್ತದೆ. ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಸೂಚನಾ ಫಲಕದಲ್ಲಿ ಹಚ್ಚಲು ಖರ್ಚೇನೂ ಬೀಳದು. ಸರಕಾರಿ ಕಾಲೇಜುಗಳಲ್ಲಿ ಈ ಲೆಕ್ಕವನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆ ಪ್ರತಿಯೊಬ್ಬರಿಗೂ ಅಧಿಕಾರ ಕೊಟ್ಟಿದೆ. ಕೊಡಲಾಗುವುದು ಸ್ವಲ್ಪವೇ ಆದರೆ ಸ್ವಲ್ಪವೆಂದೇ ಬರೆದುಕೊಡಲಿ. ದೊಡ್ಡ ಬಾಯಿಮಾತಿಗಿಂತ ಸಣ್ಣ ಬರಹ ಮೇಲು. ಹಣ ಕೈಗೆ ಬಂದರೆ ಓದು ಕೆಡುತ್ತದೆ ಎನ್ನುವವರೂ ಉಂಟು. ಅರೆಹೊಟ್ಟೆಯಲ್ಲಿ ಬೆಳಗಿನ ಅಭ್ಯಾಸ ಮುಗಿಸಿ ತರಗತಿಯಲ್ಲಿ ತೂಕಡಿಸುವ ಹುಡುಗನ ಓದು ಈಗಾಗಲೇ ಕೆಟ್ಟಿದೆಯೆಂಬುದನ್ನು ಅವರು ಗಮನಿಸಬೇಕು.

ಕಟ್ಟಳೆಗಳು ಬರುವವರೆಗೆ ಪೋಷಕರು ಕೈಕಟ್ಟಿ ಕೂರಬೇಕಾಗಿಲ್ಲ. ಈ ಸಲ ಮಗನನ್ನೋ ಮಗಳನ್ನೋ ಆಟದ ಬಲದ ಮೇಲೆ ಕಾಲೇಜಿಗೆ ಕಳುಹಿಸುವವರು ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಏನೇನು ಉಚಿತ, ಎಷ್ಟು ವರ್ಷ? ಭತ್ಯೆ ಎಷ್ಟು, ಯಾವ ತಾರೀಖಿಗೆ? ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು? ಬೇರೆ ಕಾಲೇಜಿಗೆ ಹೋಗಬೇಕೆನಿಸಿದರೆ ಮೂಲ ಪ್ರಮಾಣಪತ್ರಗಳನ್ನು ತಡೆಯಿಲ್ಲದೆ ಮರಳಿಸುವಿರಾ? ಉತ್ತರಗಳನ್ನು ಕಾಲೇಜಿನ ಮೊಹರಿನೊಂದಿಗೆ ಬರೆಸಿಕೊಂಡು, ಮನೆಯಲ್ಲಿ ಪ್ರಶಸ್ತಿಪತ್ರಗಳ ಆ ಕಟ್ಟಿನ ಜೊತೆಯಲ್ಲೇ ಜೋಪಾನ ಮಾಡಲಿ. ಬರೆದುಕೊಡಲು ಹಿಂಜರಿಯುವ ಕಾಲೇಜಿಗೆ ಮಕ್ಕಳನ್ನು ಒಪ್ಪಿಸುವ ಮುನ್ನ ಇನ್ನೊಮ್ಮೆ ಯೋಚಿಸುವುದು ಲೇಸು.