ಮಕ್ಕಳ ಕೈಯ ಫೋನಿಗೆ ಕೆರೆಯ ಕೆಲಸ ಕೊಡೋಣ

ಗುಡವಿಯ ಮತ್ತು ಸುತ್ತಲಿನ ಹಳ್ಳಿಗಳ ಅಪ್ಪ-ಅಮ್ಮಂದಿರೇ, ಅಜ್ಜ-ಅಜ್ಜಿಯರೇ, ಮೇಷ್ಟ್ರೇ, ಟೀಚರಮ್ಮನವರೇ,

2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳ ಕೈಗೆ ಫೋನ್ ಕೊಟ್ಟವರು ನಾವೇ. ಸಿಗ್ನಲ್ ಸಿಗಲಿ ಎಂದು ಗುಡ್ಡ ಹತ್ತಿಸಿದವರೂ ನಾವೇ. ಶಾಲೆ ತೆರೆದು ವರ್ಷಗಳಾದರೂ ಫೋನ್ ಕೈ ಬಿಟ್ಟಿಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿಯುವಾಗ ಮಗು ಕಾಟ ಕೊಡದಿರಲಿ ಎಂದು ಈಗಲೂ ಅದನ್ನೇ ಕೊಡುತ್ತೇವೆ. ಆಮೇಲೆ ಮಗುವನ್ನೇ ಬೈಯುತ್ತೇವೆ. ಇದು ನ್ಯಾಯವಲ್ಲ.

ಆ ಫೋನಿನಲ್ಲಿ ಆಡುವ ವಿಡಿಯೋ ಗೇಮ್ ಎಲ್ಲವೂ ಹಾಳು ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಆಟದಲ್ಲಿ ಲೆಕ್ಕವಿದೆ, ತಾಳ್ಮೆಯಿದೆ, ಸೋತು ಮತ್ತೆ ಏಳುವ ಹಟವಿದೆ. ನಮ್ಮ ತಕರಾರು ಮಕ್ಕಳ ಆಸೆಯನ್ನೇ ಬಂಡವಾಳ ಮಾಡಿಕೊಂಡ ಆಟಗಳ ಮೇಲೆ. ಆಟ ಪುಕ್ಕಟೆ, ಒಳಗಿನ ನಾಣ್ಯಕ್ಕೆ, ಅಂಗಿಗೆ, ಬಂದೂಕಿಗೆ ದುಡ್ಡು. ಮುಚ್ಚಿದ ಪೆಟ್ಟಿಗೆಯೊಂದನ್ನು ಕೊಂಡು ತೆರೆಯಬೇಕು, ಒಳಗೆ ಏನಿದೆಯೋ ತೆರೆದ ಮೇಲಷ್ಟೇ ಗೊತ್ತು. ನಮ್ಮ ಕಡೆ ಓಸಿ ಜೂಜಿನ ಚೀಟಿ ಬರೆಸುವವನನ್ನು ಎಳೆಯುವುದೂ ಇದೇ ಆಸೆ. ಇಂಥ ಪೆಟ್ಟಿಗೆಗಳು ಜೂಜು ಎಂದು ಬೆಲ್ಜಿಯಂ ದೇಶ 2018ರಲ್ಲೇ ಹೇಳಿತು. ನಮ್ಮ ರಾಜ್ಯ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿದೆ. ಆದರೆ ಆ ಕಾನೂನು ಹಿಡಿಯುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಪುಕ್ಕಟೆ ಆಟದ ಮುಂದೆ ಕೂತ ಮಗುವಿನ ನಿದ್ದೆಯನ್ನು ಯಾವ ಕಾನೂನೂ ಕಾಯುವುದಿಲ್ಲ. ಅದನ್ನು ಮನೆ ಕಾಯಬೇಕು, ಊರು ಕಾಯಬೇಕು.

ಊರೇ ನಿಂತು ಕಾಯ್ದ ಉದಾಹರಣೆ ದೂರದಲ್ಲಿಲ್ಲ. ಬೆಳಗಾವಿಯಾಚೆ ಸಾಂಗ್ಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಗ್ರಾಮಸಭೆ ತೀರ್ಮಾನಿಸಿತು: ಸಂಜೆ ಏಳಕ್ಕೆ ಸೈರನ್, ಎಂಟೂವರೆಯವರೆಗೆ ಟಿವಿ, ಫೋನ್ ಬಂದ್. ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ. ಅಪ್ಪ ರೀಲ್ಸ್ ನೋಡುತ್ತ ಮಗನಿಗೆ ಓದು ಎಂದರೆ ಯಾವ ಮಗ ಕೇಳುತ್ತಾನೆ?

ಕಿತ್ತುಕೊಂಡರಷ್ಟೇ ಸಾಲದು, ಆ ಜಾಗದಲ್ಲಿ ಏನಾದರೂ ಇಡಬೇಕು. ನಮಗೆ ಹುಡುಕಿ ಹೋಗುವ ಕಷ್ಟವೂ ಇಲ್ಲ. ಮಳೆ ಹಿಡಿದರೆ ನಮ್ಮ ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ದೂರದ ಊರಿನವರು ಕ್ಯಾಮೆರಾ ಹೊತ್ತು ಬಂದು ನೋಡಿ ಹೋಗುತ್ತಾರೆ. ನಮ್ಮ ಮಕ್ಕಳಲ್ಲಿ ಎಷ್ಟು ಜನ ಹಾವಕ್ಕಿಯನ್ನು ನೀರುಕಾಗೆಯಿಂದ ಬೇರೆ ಮಾಡಿ ಗುರುತಿಸುತ್ತಾರೆ? ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನ ಊರೂರು ಸುತ್ತಿ, ಕಂಡ ಹಕ್ಕಿಗಳನ್ನು ಇಬರ್ಡ್ ಎಂಬ ಆ್ಯಪ್‌ನಲ್ಲಿ ದಾಖಲಿಸಿ ಇಡೀ ರಾಜ್ಯದ ಹಕ್ಕಿ ನಕ್ಷೆ ಮಾಡಿದರು. ಆ ಆ್ಯಪ್ ಪುಕ್ಕಟೆ, ಪೆಟ್ಟಿಗೆ ಮಾರುವುದಿಲ್ಲ. ಅದೇ ಫೋನು, ಅದೇ ಚುರುಕು ಬೆರಳು. ವಾರಕ್ಕೊಮ್ಮೆ ಮಕ್ಕಳು ಮೇಷ್ಟ್ರ ಜೊತೆ ಹೋಗಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಿಟ್ಟು ಇಳಿಯದೆ, ಸದ್ದು ಮಾಡದೆ ಗೂಡುಗಳನ್ನು ಎಣಿಸಲಿ. ಎಣಿಕೆ, ಕೋಷ್ಟಕ, ನಕ್ಷೆ, ಇಂಗ್ಲಿಷ್ ಹೆಸರು: ಗಣಿತವೂ ವಿಜ್ಞಾನವೂ ಅಲ್ಲೇ ಸಿಗುತ್ತವೆ. ಕೆರೆಗೆ ನೀರು ಕಡಿಮೆಯಾದ ವರ್ಷ ಮೊದಲು ಗಮನಿಸುವವರೂ ಅವರೇ ಆಗುತ್ತಾರೆ.

ನಾವು ಕೇಳುವುದು ಇಷ್ಟು. ಇಂದಿನಿಂದಲೇ ಸಂಜೆ ಏಳರಿಂದ ಎಂಟೂವರೆ ನಿಮ್ಮ ಮನೆಯ ಫೋನುಗಳು, ನಿಮ್ಮದೂ ಸೇರಿ, ಒಂದು ಕಡೆ ಇರಲಿ. ಮಲಗುವ ಕೋಣೆಗೆ ಫೋನ್ ಬೇಡ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಹೆಸರು ಬರೆಸಿ. ಮಗು ಊಟ, ನಿದ್ದೆ, ಶಾಲೆ ಬಿಟ್ಟು ಆಟಕ್ಕೇ ಅಂಟಿಕೊಂಡಿದ್ದರೆ ನಾಚಿಕೆ ಪಡಬೇಡಿ, ಹೊಡೆಯಲೂ ಬೇಡಿ. ಅದು ಕಾಯಿಲೆಯೂ ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಇದಕ್ಕೆಂದೇ ಕ್ಲಿನಿಕ್ ನಡೆಸುತ್ತಿದೆ. ಇಲ್ಲಿಂದಲೇ 14416ಕ್ಕೆ ಕರೆ ಮಾಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮುಂದಿನ ಮಕ್ಕಳ ಗ್ರಾಮಸಭೆಗೆ ನಿಮ್ಮ ಮಗುವನ್ನು ಕಳಿಸಿ, ನೀವೂ ಬನ್ನಿ. ಸಂಜೆಯ ಸೈರನ್ ಮತ್ತು ಕೆರೆಯ ಎಣಿಕೆ, ಈ ಎರಡು ಬೇಡಿಕೆ ಅಲ್ಲಿ ಮಕ್ಕಳ ಬಾಯಿಂದಲೇ ಬರಲಿ, ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

— ಊರಿನ ಪೋಷಕರು