ಅಳುವ ಹೆಂಗಸಿಗೆ ಹೆದರಿದವರು

ಅಳುವ ಗಂಡಸನ್ನು ನಂಬಬಾರದು, ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಅಂದರೆ ಅಳು ಹೆಂಗಸಿನ ಪಾಲಿನದು. ಅದು ಒಲೆಯ ಮುಂದೆ, ಸೆರಗಿನ ಮರೆಯಲ್ಲಿ ಮುಗಿದುಹೋಗಬೇಕು. ಊರ ನಡುವೆ ನಿಲ್ಲಿಸಲು ಯೋಗ್ಯವಾದದ್ದು ಕತ್ತಿ ಹಿಡಿದು ಕುದುರೆ ಏರಿದ ಶೌರ್ಯ ಮಾತ್ರ! ಸ್ಮಾರಕವೆಂದರೆ ಹೀಗೇ ಇರಬೇಕು ಎಂದು ವಾದಿಸುವವರಿಗೆ, ಬೆನ್ನೊ ಎಲ್ಕನ್ ಎಂಬ ಶಿಲ್ಪಿಯ ಕೆಲಸವನ್ನು ಒಮ್ಮೆ ನೋಡಿ ಎನ್ನುತ್ತೇನೆ ನಾನು.

ಎಲ್ಕನ್ 1877ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಹುಟ್ಟಿದ ಯಹೂದಿ. ಮೊದಲನೆಯ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆಂದು 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅವನ ಶಿಲ್ಪವೊಂದನ್ನು ನಿಲ್ಲಿಸಿದರು. ಕಲ್ಲಿನಲ್ಲಿ ಕಡೆದ, ಶೋಕಿಸುವ ಒಬ್ಬ ಹೆಣ್ಣು. ಕೆಳಗೆ ಬರೆಸಿದ್ದು 'ಬಲಿಯಾದವರಿಗೆ' ಎಂದಷ್ಟೆ. 'ನಮ್ಮ ವೀರರಿಗೆ' ಎಂದಲ್ಲ; ಯಾವ ದೇಶದವರು ಎಂದೂ ಇಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಆ ವರ್ಷವೇ ಶಿಲ್ಪವನ್ನು ತೆಗೆಸಿಹಾಕಿದರು. ಅದನ್ನು ಮಾಡಿದವನು ಯಹೂದಿ ಎಂಬುದೊಂದು ಕಾರಣವಾದರೆ, ಇನ್ನೊಂದು ಯುದ್ಧಕ್ಕೆ ಮಕ್ಕಳನ್ನು ಸಜ್ಜುಗೊಳಿಸುವವರಿಗೆ ಹಿಂದಿನ ಯುದ್ಧದಲ್ಲಿ ಸತ್ತವರಿಗಾಗಿ ಅಳುವ ಹೆಂಗಸು ಬೀದಿಯಲ್ಲಿ ಕಾಣಿಸಿಕೊಳ್ಳುವುದು ಬೇಡವಾಗಿತ್ತು. ಅಳು ಬರೀ ದೌರ್ಬಲ್ಯವಾಗಿದ್ದರೆ ಅದಕ್ಕೆ ಅಷ್ಟು ಹೆದರಬೇಕಿತ್ತೆ, ನೀವೇ ಹೇಳಿ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆಕೆ ತನ್ನ ಊರಿಗೆ ಮರಳಿ ಬಂದಳು.

ಎಲ್ಕನ್ ಮಾತ್ರ ದೇಶ ಬಿಟ್ಟು ಲಂಡನ್ ಸೇರಿದ. ಅಲ್ಲಿ ಕಂಚಿನ ದೀಪಸ್ತಂಭಗಳಿಗೆ ಕೈಹಾಕಿದ. ವೆಸ್ಟ್‌ಮಿನ್‌ಸ್ಟರ್ ಅಬೆಯಂಥ ಕ್ರೈಸ್ತರ ದೊಡ್ಡ ಇಗರ್ಜಿಯಲ್ಲಿ, ಬೈಬಲ್ಲಿನ ವ್ಯಕ್ತಿಗಳನ್ನು ತುಂಬಿದ ಅವನ ಎರಡು ದೀಪಸ್ತಂಭಗಳಿವೆ. ಎಲ್ಲಕ್ಕಿಂತ ಹೆಸರಾದದ್ದು ಮೆನೋರಾ, ಯಹೂದಿಗಳ ಏಳು ಕವಲಿನ ದೀಪ. ಬ್ರಿಟಿಷ್ ಸಂಸತ್ತಿನ ಕಾಣಿಕೆಯಾಗಿ 1956ರಲ್ಲಿ ಇಸ್ರೇಲಿಗೆ ಹೋದ ಇದು ಈಗ ಜೆರುಸಲೇಮಿನಲ್ಲಿ ಅಲ್ಲಿಯ ಸಂಸತ್ತಾದ ಕ್ನೆಸೆತ್ತಿನ ಎದುರಿಗೆ ನಿಂತಿದೆ. 4 ಮೀಟರಿಗೂ ಮಿಕ್ಕ ಎತ್ತರ, ಸುಮಾರು 4 ಟನ್ ತೂಕ.

ದೀಪ ಮಾಡುವುದು ಕಸಬುಗಾರಿಕೆ, ಪ್ರತಿಮೆ ಮಾಡುವುದು ಕಲೆ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಪೂಜೆಯ ಪಾತ್ರೆಪಗಡೆ, ದೀಪ ಇವೆಲ್ಲ ಮನೆಯೊಳಗಿನ ವಸ್ತು, ಹೆಂಗಸರು ಮುಟ್ಟುವ ವಸ್ತು ಎಂಬ ತಾತ್ಸಾರವೂ ಇದರ ಹಿಂದಿಲ್ಲವೆ? ಯಹೂದಿ ಮನೆಗಳಲ್ಲೂ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಸಬ್ಬತ್ತಿನ ದೀಪ ಹಚ್ಚುವವಳು ವಾಡಿಕೆಯಂತೆ ಮನೆಯೊಡತಿಯೇ. ದೇವರ ಮುಂದಿನ ದೀಪದ ಆಕಾರವನ್ನೇ ಎಲ್ಕನ್ ಸಂಸತ್ತಿನ ಎದುರು ನಿಲ್ಲುವ ಸ್ಮಾರಕವಾಗಿ ಬೆಳೆಸಿದ. ಇದರಿಂದ ಸ್ಮಾರಕ ಸಣ್ಣದಾಗಲಿಲ್ಲ, ದೀಪ ದೊಡ್ಡದಾಯಿತು.

ಅದರ ಕವಲುಗಳ ತುಂಬ ಯಹೂದಿ ಚರಿತ್ರೆಯ ಉಬ್ಬುಚಿತ್ರಗಳಿವೆ. ಮೋಶೆ, ದಾವೀದ, ಪ್ರವಾದಿಗಳು ಇದ್ದಾರೆ. ನಾಜಿಗಳ ವಿರುದ್ಧ 1943ರಲ್ಲಿ ದಂಗೆಯೆದ್ದ ವಾರ್ಸಾ ಘೆಟ್ಟೋದವರೂ ಇದ್ದಾರೆ. ಹೋರಾಟವನ್ನು ಎಲ್ಕನ್ ಕೈಬಿಟ್ಟವನಲ್ಲ. ಆದರೆ ಅದೇ ದೀಪದಲ್ಲಿ ಇಬ್ಬರು ಹೆಂಗಸರಿಗೂ ಜಾಗ ಕೊಟ್ಟ. ಒಬ್ಬಳು ರೂತಳು: ಹೊರನಾಡಿನ ವಿಧವೆ, ಅತ್ತೆಯನ್ನು ಬಿಟ್ಟುಹೋಗದೆ ಪರರ ಹೊಲದಲ್ಲಿ ಹಕ್ಕಲು ತೆನೆ ಆಯ್ದು ಆಕೆಯನ್ನು ಸಾಕಿದವಳು. ಇನ್ನೊಬ್ಬಳು ರಾಹೇಲಳು: ಯೆರೆಮೀಯ ಪ್ರವಾದಿಯ ಮಾತಿನಲ್ಲಿ, ಇಲ್ಲವಾದ ಮಕ್ಕಳಿಗಾಗಿ ಅತ್ತು ಸಮಾಧಾನವನ್ನೇ ಒಲ್ಲೆನೆಂದವಳು. ತೆನೆ ಆಯುವುದು, ಅಳುವುದು! ಚರಿತ್ರೆಯ ಪುಸ್ತಕಗಳು ಲೆಕ್ಕಕ್ಕೇ ಹಿಡಿಯದ ಕೆಲಸಗಳು. ಅವು ಇಲ್ಲಿ ರಾಜರ, ಪ್ರವಾದಿಗಳ ಸಾಲಿನಲ್ಲೇ ಕಂಚಾಗಿ ನಿಂತಿವೆ.

ಅತ್ತರೆ ಸತ್ತವರು ಬರುತ್ತಾರೆಯೆ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಕತ್ತಿ ಎತ್ತಿದರೂ ಬರುವುದಿಲ್ಲ. ಸತ್ತವರೆಷ್ಟು ಎಂಬ ಲೆಕ್ಕವನ್ನಾದರೂ ಅಳುವವರು ಮರೆಯುವುದಿಲ್ಲ. ಕತ್ತಿ ಎತ್ತಿದವರು ಅದನ್ನು ಮರೆಸುತ್ತಾರೆ. ಆಳುವವರ ಎದುರಿಗೆ ರಾಹೇಲಳನ್ನು ನಿಲ್ಲಿಸಿದ್ದು ಅದಕ್ಕೇ ಸರಿ ಎನ್ನುತ್ತೇನೆ. ಆಕೆಯ ಕಣ್ಣೀರು ಒಂದೇ ಮತದ ಮಕ್ಕಳಿಗೆ ಮೀಸಲಾಗಬಾರದು. ಗಡಿಯ ಆಚೆ ಮಗು ಸತ್ತರೂ ತಾಯಿಯ ಅಳು ಅದೇ ಅಳು. ಫ್ರಾಂಕ್‌ಫರ್ಟಿನ ಶಿಲ್ಪದ ಕೆಳಗೆ ಯಾವ ದೇಶದ ಹೆಸರನ್ನೂ ಬರೆಸದವರಿಗೆ ಇದು ಗೊತ್ತಿತ್ತು. ಸ್ಮಾರಕ ಕಟ್ಟಿಸುವವರೆಲ್ಲ ತಿಳಿದುಕೊಳ್ಳಬೇಕಾದದ್ದೂ ಇದೇ.